ಮೂರು ಸಲ ಕೂಗಿದರೆ ಹೊಗೆ, ನಾಲ್ಕು ಸಲ ಕೂಗಿದರೆ...?

ಅಮೆರಿಕಕ್ಕೆ ಬಂದ ಕನ್ನಡಿಗರ ಬಳಿ ಒಂದು ಒಗ್ಗರಣೆ ಕತೆ ಇದ್ದೇ ಇರುತ್ತದೆ. ಬಂದ ಹೊಸತು. ಊರಿನ ನೆನಪಾಗಿ ಚಿತ್ರಾನ್ನ ಮಾಡಲು ಹೊರಟಿರುತ್ತೀರಿ. ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದು 'ಚೊಂಯ್' ಎಂದ ಮರುಕ್ಷಣ ಚಾವಣಿಯಲ್ಲಿರುವ ಬಿಳಿ ತಟ್ಟೆ ಕಿವಿ ಕಿತ್ತುಹೋಗುವ ಹಾಗೆ ಕೂಗಲು ಶುರು. ಒಬ್ಬ ಕಿಟಕಿ ತೆರೆಯಲು ಓಡುತ್ತಾನೆ, ಇನ್ನೊಬ್ಬ ಕುರ್ಚಿ ಹತ್ತಿ ಟವೆಲ್ ಬೀಸುತ್ತಾನೆ, ಮೂರನೆಯವನು ಒಲೆಯ ಮೇಲೆ ಸೀಯುತ್ತಿರುವ ಕಡಲೆಬೇಳೆ ಮರೆತು ಇವರಿಬ್ಬರನ್ನು ನೋಡಿ ನಗುತ್ತಿರುತ್ತಾನೆ. ಸ್ವಲ್ಪ ದಿನ ಕಳೆದ ಮೇಲೆ ಆ ತಟ್ಟೆಗೆ ಒಂದು ಪ್ಲಾಸ್ಟಿಕ್ ಕವರು ಕಟ್ಟಿ ನೆಮ್ಮದಿಯಾಗಿರುವವರೂ ಉಂಟು. ಯಾರು ಅಂತ ಕೇಳಬೇಡಿ :-)

ಈ ಬಿಳಿ ತಟ್ಟೆಯ ಚರಿತ್ರೆ ಬರೆಯಬೇಕು ಅಂತ ಅನ್ನಿಸಿದ್ದು ಮಾತ್ರ ಒಗ್ಗರಣೆಯಿಂದಲ್ಲ. 2023ರ ಜನವರಿಯ ಒಂದು ರಾತ್ರಿಯಿಂದ.

ಆಗ ನಾವಿದ್ದದ್ದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಒಂದು ಬಾಡಿಗೆ ಮನೆಯಲ್ಲಿ. ಅಮ್ಮ ಸಾಗರದಿಂದ ಬಂದು ಒಂದು ವಾರವಾಗಿತ್ತಷ್ಟೆ. ಮನೆಯಲ್ಲಿ ಒಟ್ಟು ಆರು ಅಲಾರಂ. ಮೂರು ಮಲಗುವ ಕೋಣೆಗಳಲ್ಲಿ ಒಂದೊಂದು, ಮಹಡಿಯ ಪ್ಯಾಸೇಜಿನಲ್ಲಿ ಒಂದು, ಕೆಳಗೆ ಹಾಲ್‌ನಲ್ಲಿ ಒಂದು, ಬೇಸ್‌ಮೆಂಟಿನಲ್ಲಿ ಒಂದು. ಎಲ್ಲಕ್ಕೂ ಗೋಡೆಯೊಳಗಿಂದಲೇ ಕರೆಂಟು, ಎಲ್ಲವೂ ಒಂದು ವೈರಿನಿಂದ ಒಂದಕ್ಕೊಂದು ಜೋಡಣೆ. ಒಂದು ಕೂಗಿದರೆ ಎಲ್ಲವೂ ಕೂಗಬೇಕು.

ಆ ವಾರ ಅವು ಆಗಲೇ ಎರಡು ಸಲ ನಮ್ಮ ಪ್ರಾಣ ತಿಂದಿದ್ದವು. ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ನಿಮಿಷಕ್ಕೊಮ್ಮೆ 'ಚಿಂವ್' ಎಂದು ಬ್ಯಾಟರಿ ಹಾಕಿ ಅಂತ ಗೋಗರೆತ. ಬುಧವಾರ ಅಮ್ಮನ ಒಗ್ಗರಣೆ. ಶನಿವಾರ ನಡುರಾತ್ರಿ ಎರಡೂವರೆಗೆ ಮತ್ತೆ ಶುರುವಾದಾಗ ನನಗೆ ಬಂದದ್ದು ಭಯ ಅಲ್ಲ, ಸಿಟ್ಟು. ಎದ್ದು ಎಲ್ಲ ಕೋಣೆ ಸುತ್ತಿದೆ. ಹೊಗೆಯಿಲ್ಲ, ವಾಸನೆಯಿಲ್ಲ. ಆರರಲ್ಲಿ ಮೂರು ಮಾತ್ರ ಕೂಗುತ್ತಿವೆ, ಮಲಗುವ ಕೋಣೆಯ ಮೂರೂ ಸುಮ್ಮನಿವೆ. ನನ್ನೊಳಗಿನ ಇಂಜಿನಿಯರು ತಕ್ಷಣ ತೀರ್ಪು ಕೊಟ್ಟ. ಒಂದು ಕೂಗಿದರೆ ಎಲ್ಲ ಕೂಗಬೇಕು. ಎಲ್ಲ ಕೂಗುತ್ತಿಲ್ಲ. ಆದ್ದರಿಂದ ವೈರಿಂಗ್ ಕೆಟ್ಟಿದೆ. ಬಗ್ಗು. ಬೆಳಿಗ್ಗೆ ನೋಡಿಕೊಂಡರಾಯಿತು. ಏಣಿ ತಂದು ಪ್ಯಾಸೇಜಿನದ್ದನ್ನು ತಿರುಗಿಸಿ ಬಿಚ್ಚಿ, ಪ್ಲಗ್ ಕಿತ್ತು, ಬ್ಯಾಟರಿ ತೆಗೆದೆ. ಅದು ಸುಮ್ಮನಾಯಿತು. ಏಣಿ ಹೊತ್ತುಕೊಂಡು ಕೆಳಗಿನದ್ದಕ್ಕೆ ಹೊರಟೆ.

ಮುಂದೇನಾಯಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು, ಆ ರಾತ್ರಿಯ ನಂತರ ಹಠಕ್ಕೆ ಬಿದ್ದು ನಾನು ಓದಿಕೊಂಡದ್ದನ್ನು ಹೇಳಿಬಿಡುತ್ತೇನೆ. ಅದಿಲ್ಲದಿದ್ದರೆ ಆ ರಾತ್ರಿ ನಾನೆಷ್ಟು ದೊಡ್ಡ ಪೆದ್ದ ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ.

ಕತೆ ಶುರುವಾಗುವುದೂ ನಮ್ಮ ಎಡಿಸನ್ ಸುತ್ತಮುತ್ತಲೇ. ಥಾಮಸ್ ಆಲ್ವಾ ಎಡಿಸನ್ ಬಲ್ಬು ರೂಪಿಸಿದ ಮೆನ್ಲೋ ಪಾರ್ಕ್ ಇರುವುದು ಈ ಟೌನ್‌ಶಿಪ್ಪಿನೊಳಗೇ, ಊರಿಗೆ ಆ ಹೆಸರು ಬಂದದ್ದೂ ಅದರಿಂದಲೇ. ಅಲ್ಲಿ ಅವನ ಜೊತೆ ಫ್ರಾನ್ಸಿಸ್ ಅಪ್ಟನ್ ಎಂಬ ಗಣಿತಜ್ಞನೊಬ್ಬನಿದ್ದ. ಪ್ರಿನ್ಸ್‌ಟನ್ನಿನಲ್ಲಿ ಓದಿ, ಬರ್ಲಿನ್ನಿನಲ್ಲಿ ಹೆಲ್ಮ್‌ಹೋಲ್ಟ್ಸ್ ಬಳಿ ಕಲಿತು ಬಂದವನು. ಬಲ್ಬಿನ ಗಾಜಿನ ಗಾತ್ರ ಎಷ್ಟು ಅಂತ ಎಡಿಸನ್ ಕೇಳಿದಾಗ ಅಪ್ಟನ್ ಹಾಳೆಗಟ್ಟಲೆ ಲೆಕ್ಕ ಮಾಡುತ್ತಾ ಕೂತನಂತೆ, ಎಡಿಸನ್ ಗಾಜಿನೊಳಗೆ ನೀರು ತುಂಬಿ ಅಳತೆ ಪಾತ್ರೆಗೆ ಸುರಿದು ತೋರಿಸಿದನಂತೆ. ನಮ್ಮ ಕಾಲೇಜಿನಲ್ಲಿ ಮೇಷ್ಟ್ರು ಹೇಳುತ್ತಿದ್ದ ಕತೆಯ ಪಾಪದ ಗಣಿತಜ್ಞ ಇವನೇ. ಆದರೆ 1890ರಲ್ಲಿ ಫರ್ನಾಂಡೋ ಡಿಬಲ್ ಎಂಬವನ ಜೊತೆ ಸೇರಿ, ಎತ್ತಿಕೊಂಡು ಹೋಗಬಹುದಾದ ವಿದ್ಯುತ್ ಬೆಂಕಿ ಗಂಟೆಗೆ ಪೇಟೆಂಟು ಪಡೆದವನೂ ಇವನೇ. ಒಂದು ಬ್ಯಾಟರಿ, ಒಂದು ಗಂಟೆ, ಬಿಸಿಯಾದರೆ ಸರ್ಕ್ಯೂಟನ್ನು ಕೂಡಿಸುವ ಒಂದು ಥರ್ಮೋಸ್ಟಾಟ್. ಅಷ್ಟೇ.

ತೊಂದರೆ ಏನೆಂದರೆ, ಇದು ಬಿಸಿಯನ್ನು ಕಾಯುವ ಯಂತ್ರ. ಇವತ್ತಿಗೂ ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವ ಶಾಖ ಪತ್ತೆ ಸಾಧನ ಎಚ್ಚೆತ್ತುಕೊಳ್ಳುವುದು ಸುಮಾರು 57 ಡಿಗ್ರಿ ಸೆಲ್ಸಿಯಸ್‌ಗೆ. ಚಾವಣಿ ಅಷ್ಟು ಬಿಸಿಯಾಗುವ ಹೊತ್ತಿಗೆ ಮಲಗಿದವರು ಹೊಗೆ ಕುಡಿದು ಎಚ್ಚರ ತಪ್ಪಿರುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಹೆಚ್ಚಿನವರನ್ನು ಕೊಲ್ಲುವುದು ಉರಿಯಲ್ಲ, ಹೊಗೆ. ಹಾಗಾಗಿ ಬೇಕಾಗಿದ್ದುದು ಹೊಗೆಯ ವಾಸನೆ ಹಿಡಿಯುವ ಮೂಗು. ಅದು ಸಿಗಲು ಇನ್ನೂ ಐವತ್ತು ವರ್ಷ ಹಿಡಿಯಿತು. ಸಿಕ್ಕಿದ್ದೂ ಹುಡುಕಿದವರಿಗಲ್ಲ!

1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ಎಂಬ ಭೌತವಿಜ್ಞಾನಿ ವಿಷಾನಿಲ ಪತ್ತೆ ಮಾಡುವ ಸಾಧನಕ್ಕೆ ತಲೆ ಕೆಡಿಸಿಕೊಂಡಿದ್ದ. ಗಾಳಿಯನ್ನು ಅಯಾನುಗಳಾಗಿ ಒಡೆದರೆ ಅದರಲ್ಲಿ ಸಣ್ಣದೊಂದು ಕರೆಂಟು ಹರಿಯುತ್ತದೆ. ವಿಷಾನಿಲ ಬಂದರೆ ಆ ಕರೆಂಟು ಬದಲಾಗಬೇಕು ಅನ್ನುವುದು ಅವನ ಲೆಕ್ಕ. ಅನಿಲ ಬಿಟ್ಟ, ಮುಳ್ಳು ಅಲುಗಲಿಲ್ಲ. ಬೇಜಾರಾಗಿ ಒಂದು ಸಿಗರೇಟು ಹಚ್ಚಿದ. ಮೀಟರಿನ ಮುಳ್ಳು ಸರ್ರನೆ ಇಳಿಯಿತು! ಹೊಗೆಯ ಕಣಗಳು ಅಯಾನುಗಳನ್ನು ಹಿಡಿದಿಟ್ಟುಕೊಂಡು ಕರೆಂಟನ್ನು ತಗ್ಗಿಸಿದ್ದವು. ಆದರೆ ಆ ಸಂಕೇತ ಒಂದು ಗಂಟೆ ಬಾರಿಸಲು ತೀರಾ ದುರ್ಬಲ. ಅದನ್ನು ಬಲಪಡಿಸುವ ವಿಶೇಷ ವಾಲ್ವನ್ನು ಮಾಡಿದ್ದು ಅದೇ ದೇಶದ ಅರ್ನ್ಸ್ಟ್ ಮೈಲಿ. 1941ರಲ್ಲಿ ಬಾಡ್ ರಗಾಟ್ಸ್ ಊರಿನಲ್ಲಿ ಇದಕ್ಕಾಗಿಯೇ ಒಂದು ಕಂಪನಿ ಹುಟ್ಟಿತು. ಹೆಸರು ಸೆರ್ಬೆರಸ್, ಅಂದರೆ ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ನಾಯಿ. ಬಾಗಿಲು ಕಾಯುವ ನಾಯಿಗಿಂತ ಒಳ್ಳೆಯ ಹೆಸರು ಇದಕ್ಕೆ ಎಲ್ಲಿ ಸಿಗಬೇಕು?

ಆಗಿನ ಸಾಧನಗಳು ಕಾರ್ಖಾನೆಗೆ, ದೊಡ್ಡ ಕಟ್ಟಡಗಳಿಗೆ. ಬೆಲೆ, ಗಾತ್ರ ಎರಡೂ ಮನೆಯ ಮಟ್ಟದ್ದಲ್ಲ. ಒಳಗೆ ಗಾಳಿಯನ್ನು ಅಯಾನು ಮಾಡಲು ರೇಡಿಯಂ ಇಡುತ್ತಿದ್ದರು. ಮನೆಯೊಳಗೆ ಬರಲು ಬೇರೆ ವಿಕಿರಣ ಮೂಲ ಬೇಕಿತ್ತು. ಅದು ಅಣುಬಾಂಬಿನ ಅಂಗಳದಿಂದ ಬಂತು.

1944ರಲ್ಲಿ ಶಿಕಾಗೋದಲ್ಲಿ ಗ್ಲೆನ್ ಸೀಬೋರ್ಗ್ ಮತ್ತವನ ತಂಡ 95ನೆಯ ಧಾತುವನ್ನು ಸೃಷ್ಟಿಸಿತು. ಯುದ್ಧದ ಗುಟ್ಟು, ಯಾರಿಗೂ ಹೇಳುವಂತಿಲ್ಲ. 1945ರ ನವೆಂಬರ್ 11ರಂದು ಸೀಬೋರ್ಗ್ ಮಕ್ಕಳ ರೇಡಿಯೋ ಕ್ವಿಜ್ ಕಾರ್ಯಕ್ರಮವೊಂದಕ್ಕೆ ಹೋಗಿದ್ದ. ಹೊಸ ಧಾತು ಏನಾದರೂ ಸಿಕ್ಕಿತೇ ಅಂತ ಒಬ್ಬ ಹುಡುಗ ಕೇಳಿದ. ಗುಟ್ಟಿನ ಅವಧಿ ಮುಗಿದಿತ್ತು, ವಿಜ್ಞಾನಿಗಳ ಸಭೆಯಲ್ಲಿ ಘೋಷಿಸುವುದಕ್ಕೆ ಇನ್ನು ಕೆಲವೇ ದಿನ ಇತ್ತು. ಸೀಬೋರ್ಗ್ ಮಕ್ಕಳಿಗೇ ಮೊದಲು ಹೇಳಿಬಿಟ್ಟ! ಆ ಧಾತುವೇ ಅಮೆರಿಸಿಯಂ. 1962ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗ ಇದರ ಆಕ್ಸೈಡನ್ನು ಗ್ರಾಂಗೆ 1500 ಡಾಲರಿನಂತೆ ಮಾರಲು ಶುರು ಮಾಡಿತು. ದುಬಾರಿ ಅಂದಿರಾ? ಒಂದು ಅಲಾರಮ್ಮಿಗೆ ಬೇಕಾದದ್ದು ಒಂದು ಗ್ರಾಂನ ಕೋಟಿಯ ಕೆಲವು ಪಾಲು. ಒಂದು ಗ್ರಾಂನಲ್ಲಿ ಮೂವತ್ತು ಲಕ್ಷ ಅಲಾರಂ ಆಗುತ್ತವೆ. ಇದು ಸೂಸುವ ಆಲ್ಫಾ ಕಣಗಳನ್ನು ಒಂದು ಕಾಗದ ತಡೆಯುತ್ತದೆ. ಅರ್ಧಾಯುಷ್ಯ 432 ವರ್ಷ. ಅಂದರೆ ಆ ತಟ್ಟೆಯೊಳಗೆ ಎಲ್ಲಕ್ಕಿಂತ ಕೊನೆಗೆ ಮುಪ್ಪಾಗುವುದು ಅದೊಂದೇ. ಹತ್ತು ವರ್ಷಕ್ಕೆ ಅಲಾರಂ ಬದಲಿಸಿ ಅನ್ನುವುದು ಅಮೆರಿಸಿಯಂ ಮುಗಿಯಿತೆಂದಲ್ಲ. ಧೂಳು ತುಂಬಿ, ಉಳಿದ ಎಲೆಕ್ಟ್ರಾನಿಕ್ ಭಾಗಗಳು ಹಳತಾಗುತ್ತವೆ ಎಂದು.

ಇನ್ನು ಮನೆಮನೆಯ ಅಲಾರಂ. 1960ರ ದಶಕದಲ್ಲಿ ಕೊಲರಾಡೋದ ಡೆನ್ವರಿನಲ್ಲಿ ಡ್ವೇನ್ ಪಿಯರ್ಸಾಲ್ ಎಂಬವನು ಸ್ಥಿರವಿದ್ಯುತ್ತನ್ನು ತೊಡೆದುಹಾಕುವ ಯಂತ್ರದ ಕೆಲಸದಲ್ಲಿದ್ದ. ಆ ಯಂತ್ರವೂ ಗಾಳಿಯಲ್ಲಿ ಅಯಾನು ಬಿಡುವಂಥದ್ದು. ಒಂದು ದಿನ ಲ್ಯಾಬಿನಲ್ಲಿ ಕೆಲಸದವನೊಬ್ಬ ಸಿಗರೇಟು ಸೇದುತ್ತಿದ್ದಾಗ ಮೀಟರಿನ ಮುಳ್ಳು ಬಿತ್ತು. ನೋಡಿ, ಮತ್ತೆ ಸಿಗರೇಟು! ಪಿಯರ್ಸಾಲ್ ಮತ್ತು ಸ್ಟಾನ್ಲಿ ಪೀಟರ್ಸನ್ ಸೇರಿ ಬ್ಯಾಟರಿಯಿಂದ ನಡೆಯುವ, ಮನೆಯವರೇ ಚಾವಣಿಗೆ ಸ್ಕ್ರೂ ಹಾಕಿ ಹಚ್ಚಬಹುದಾದ ಅಲಾರಂ ಮಾಡಿದರು. 1975ರ ಹೊತ್ತಿಗೆ ಅದು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಅಮೆರಿಕದ ಮನೆಬೆಂಕಿಗಳಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಕಾರಣಗಳ ಪಟ್ಟಿಯಲ್ಲಿ ದಶಕಗಳ ಕಾಲ ಮೊದಲು ನಿಂತದ್ದೂ ಸಿಗರೇಟೇ. ರೋಗ, ಮದ್ದು ಎರಡೂ ಒಂದೇ ಅಂಗಡಿಯ ಮಾಲು.

ಇದೇ ಸಮಯಕ್ಕೆ ಸರಕಾರವೂ ಎಚ್ಚೆತ್ತಿತ್ತು. 1973ರಲ್ಲಿ 'ಅಮೆರಿಕಾ ಬರ್ನಿಂಗ್' ಎಂಬ ವರದಿ ಬಂತು. ದೇಶದಲ್ಲಿ ವರ್ಷಕ್ಕೆ ಸುಮಾರು 12,000 ಜನ ಬೆಂಕಿಗೆ ಬಲಿಯಾಗುತ್ತಿದ್ದಾರೆ ಎಂದು ಅದು ಹೇಳಿತು. 1970ರ ದಶಕದ ಮಧ್ಯದಲ್ಲಿ ಮಿಶಿಗನ್ ಸರೋವರದ ದಂಡೆಯ ಇಂಡಿಯಾನಾ ಡ್ಯೂನ್ಸ್‌ನಲ್ಲಿ, ಕೆಡವಲಿದ್ದ ಮನೆಗಳಿಗೆ ಬೇಕೆಂದೇ ಬೆಂಕಿಯಿಟ್ಟು ಯಾವ ಅಲಾರಂ ಎಲ್ಲಿದ್ದರೆ ಎಷ್ಟು ಹೊತ್ತಿಗೆ ಕೂಗುತ್ತದೆ ಅಂತ ಅಳೆದರು. ಮನೆಯ ಪ್ರತಿ ಮಹಡಿಯಲ್ಲೂ ಒಂದು ಇರಬೇಕು ಅನ್ನುವ ನಿಯಮಕ್ಕೆ ಬಲ ಬಂದದ್ದು ಈ ಪ್ರಯೋಗಗಳಿಂದ. 1977ರಲ್ಲಿ ಅಲ್ಲಿ ಐದು ಮನೆಗಳಲ್ಲಿ ಒಂದರಲ್ಲಷ್ಟೇ ಅಲಾರಂ ಇತ್ತು. 90ರ ದಶಕದಲ್ಲಿ ಹತ್ತರಲ್ಲಿ ಒಂಬತ್ತು ಮನೆಗೆ ಬಂದಿತ್ತು. 1977ರಲ್ಲಿ ಸುಮಾರು 5,900 ಇದ್ದ ಮನೆಬೆಂಕಿಯ ಸಾವುಗಳು ಈಗ ಅದರ ಅರ್ಧದ ಆಸುಪಾಸಿನಲ್ಲಿವೆ. ಎಲ್ಲವೂ ಅಲಾರಮ್ಮಿನ ಪುಣ್ಯವಲ್ಲ, ಆದರೆ ದೊಡ್ಡ ಪಾಲು ಅದರದ್ದು.

ಇಲ್ಲೊಂದು ಕಿರಿಕ್ ಇದೆ. ಇಂದಿಗೂ ಅಲ್ಲಿ ಮನೆಬೆಂಕಿಯಲ್ಲಿ ಸಾಯುವ ಐವರಲ್ಲಿ ಸುಮಾರು ಮೂವರು ಸಾಯುವುದು ಅಲಾರಂ ಇಲ್ಲದ ಅಥವಾ ಇದ್ದೂ ಕೂಗದ ಮನೆಗಳಲ್ಲಿ. ಕೂಗದಿರಲು ಮುಖ್ಯ ಕಾರಣ ಬ್ಯಾಟರಿ ಇಲ್ಲದಿರುವುದು, ಕಳಚಿರುವುದು ಅಥವಾ ಸತ್ತಿರುವುದು. ಯಾಕೆ ಕಳಚುತ್ತಾರೆ? ಒಗ್ಗರಣೆಗೆ ಕೂಗುತ್ತದೆ ಅಂತ! ಅಯಾನು ಬಗೆಯ ಅಲಾರಂ ಧಗಧಗ ಉರಿಯುವ ಬೆಂಕಿಯ ಸಣ್ಣ ಕಣಗಳನ್ನು ಬೇಗ ಹಿಡಿಯುತ್ತದೆ, ಹಾಗೆಯೇ ಬಾಣಲೆಯ ಹೊಗೆಯನ್ನೂ. 70ರ ದಶಕದಲ್ಲಿ ಮನೆಗೆ ಬಂದ ಇನ್ನೊಂದು ಬಗೆ ಬೆಳಕಿನದ್ದು. ಕತ್ತಲ ಡಬ್ಬಿಯೊಳಗೆ ಒಂದು ಬೆಳಕು, ಅದಕ್ಕೆ ನೇರ ಎದುರಲ್ಲದ ಕಡೆ ಒಂದು ಕಣ್ಣು. ಹೊಗೆ ಬಂದರೆ ಬೆಳಕು ಚದುರಿ ಕಣ್ಣಿಗೆ ಬೀಳುತ್ತದೆ. ಸೋಫಾ, ಹಾಸಿಗೆ ಒಳಗೊಳಗೇ ಕನಲುವ ಬೆಂಕಿಗೆ ಇದು ಚುರುಕು, ಒಗ್ಗರಣೆಗೆ ಸ್ವಲ್ಪ ಸಹನೆ ಜಾಸ್ತಿ. ಆದರೆ ಸ್ನಾನದ ಮನೆಯ ಹಬೆಗೂ ಒಳಗೆ ಗೂಡು ಕಟ್ಟಿದ ಜೇಡಕ್ಕೂ ಮೋಸ ಹೋಗುತ್ತದೆ. ಚಿಕ್ಕಂದಿನಲ್ಲಿ ಓದಿದ 'ಹುಲಿ ಬಂತು ಹುಲಿ' ಕತೆ ನೆನಪಿದೆಯಲ್ಲ? ಆ ಕತೆಯಲ್ಲಿ ತಪ್ಪೆಲ್ಲ ಹುಡುಗನದ್ದೇ. ಆದರೆ ಹುಲಿ ಬಂದ ದಿನ ಕುರಿ ಕಳೆದುಕೊಂಡದ್ದು ಯಾರು? ಊರಿನವರೇ ಅಲ್ಲವೇ?

ಒಂದಕ್ಕೊಂದು ಜೋಡಿಸುವ ಯೋಚನೆ ಬಂದದ್ದು ದೊಡ್ಡ ಮನೆಗಳ ದೆಸೆಯಿಂದ. ಬೇಸ್‌ಮೆಂಟಿನಲ್ಲಿ ಕೂಗಿದ್ದು ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದವರಿಗೆ ಕೇಳುವುದಿಲ್ಲ. 80ರ ದಶಕದ ಕೊನೆಗೆ ಹೊಸ ಮನೆಗಳಲ್ಲಿ ಅಲಾರಂಗಳಿಗೆ ಮನೆಯ ಕರೆಂಟನ್ನೇ ಕೊಟ್ಟು ಒಂದಕ್ಕೊಂದು ಜೋಡಿಸಬೇಕು ಎಂಬ ನಿಯಮಗಳು ಬಂದವು. ಮಾಡಿದ ಉಪಾಯ ಎಷ್ಟು ಸರಳ ಅಂದರೆ, ನಮ್ಮಂಥ ಸಾಫ್ಟ್‌ವೇರಿನವರಿಗೆ ನಾಚಿಕೆಯಾಗಬೇಕು. ಅಮೆರಿಕದ ಮನೆಯಲ್ಲಿ ಕಪ್ಪು ವೈರು 120 ವೋಲ್ಟು, ಬಿಳಿ ನ್ಯೂಟ್ರಲ್. ಅದರ ಜೊತೆಗೆ ಮೂರನೆಯದು ಒಂದು ಕೆಂಪು ವೈರು. ಹೊಗೆ ಕಂಡ ಅಲಾರಂ ಆ ಕೆಂಪು ವೈರಿಗೆ ಸುಮಾರು 9 ವೋಲ್ಟು ಕೊಡುತ್ತದೆ. ಉಳಿದವು ಅದನ್ನು ನೋಡಿ ತಾವೂ ಕೂಗುತ್ತವೆ. ಪ್ರೋಟೋಕಾಲ್ ಇಲ್ಲ, ವಿಳಾಸ ಇಲ್ಲ, ಯಜಮಾನ ಇಲ್ಲ. ಊರಲ್ಲಿ ಒಂದು ನಾಯಿ ಬೊಗಳಿದರೆ ಕೇರಿಯ ನಾಯಿಗಳೆಲ್ಲ ಬೊಗಳುತ್ತವಲ್ಲ, ಹಾಗೆ. ಮೋಟೊರೋಲಾದ ಎಂಸಿ14468ರಂಥ ಅಗ್ಗದ ಚಿಪ್ಪಿನಲ್ಲೇ ಇದಕ್ಕೊಂದು ಪಿನ್ನು ಇತ್ತು.

ಈ ಸರಳತೆಗೆ ತೆರುವ ಬೆಲೆಯೂ ಇದೆ. ನಾಯಿಗಳೆಲ್ಲ ಬೊಗಳುತ್ತಿರುವಾಗ ಮೊದಲು ಬೊಗಳಿದ್ದು ಯಾವುದು? ಅದಕ್ಕೆ ಉತ್ತರ ಕೆಂಪು ದೀಪದಲ್ಲಿದೆ. ಹಲವು ಕಂಪನಿಗಳ ಅಲಾರಂಗಳಲ್ಲಿ ಮೊದಲು ಕೂಗಿದ್ದರ ದೀಪ ಪಟಪಟ ಮಿನುಗುತ್ತದೆ, ಸುಮ್ಮನೆ ದನಿಗೂಡಿಸಿದವುಗಳದ್ದು ಹಾಗೆ ಮಿನುಗುವುದಿಲ್ಲ. ಅಲಾರಂ ಕೂಗುತ್ತಿರುವಾಗಲೇ ಮನೆಯೆಲ್ಲ ಸುತ್ತಿ ಇದನ್ನು ನೋಡಿಕೊಳ್ಳಬೇಕು. ಸುಮ್ಮನಾಗಿಸಿದ ಮೇಲೆ ಸಾಕ್ಷಿಯೂ ಹೋಗುತ್ತದೆ. ಕ್ರ್ಯಾಶ್ ಆದ ಸರ್ವರನ್ನು ಲಾಗ್ ನೋಡದೆ ರೀಸ್ಟಾರ್ಟ್ ಮಾಡಿದ ಹಾಗೆ.

ಈಗ ಕಾರ್ಬನ್ ಮಾನಾಕ್ಸೈಡ್‌ಗೆ ಬರೋಣ. ಹೊಗೆಯಾದರೂ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಏನೇ ಉರಿಯಲಿ, ಗಾಳಿ ಸಾಲದಿದ್ದರೆ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರಕ್ಕೂ ಹೆಚ್ಚು ಪಟ್ಟು ಪ್ರೀತಿಯಿಂದ ಅಪ್ಪಿಕೊಳ್ಳುತ್ತದೆ. ಆಮೇಲೆ ಆಮ್ಲಜನಕಕ್ಕೆ ಜಾಗವಿಲ್ಲ. 1902ರಲ್ಲಿ ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ ಸತ್ತದ್ದು ಇದರಿಂದ. ಚಿಮಣಿಯಿಂದ ಹೊಗೆ ಸರಿಯಾಗಿ ಹೊರಹೋಗಿರಲಿಲ್ಲ. 1994ರಲ್ಲಿ ಟೆನಿಸ್ ಆಟಗಾರ ವಿಟಾಸ್ ಗೆರುಲೈಟಿಸ್ ಸ್ನೇಹಿತರ ಮನೆಯಲ್ಲಿ ಮಲಗಿದ್ದಾಗ ಸತ್ತದ್ದೂ ಇದರಿಂದಲೇ. ಈಜುಕೊಳದ ಹೀಟರಿನ ದೋಷ. ಅಮೆರಿಕದಲ್ಲಿ ಈಗಲೂ ಬೆಂಕಿ ಅನಾಹುತ ಬಿಟ್ಟು ಬೇರೆ ಕಾರಣಕ್ಕೆ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಇದರಿಂದ ಸಾಯುತ್ತಾರೆ.

ಇದರ ಮೊದಲ ಅಲಾರಂ ಒಂದು ಹಕ್ಕಿ. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ 1890ರ ದಶಕದಲ್ಲಿ ಗಣಿ ಸ್ಫೋಟಗಳಲ್ಲಿ ಸತ್ತವರ ದೇಹಗಳನ್ನು ಪರೀಕ್ಷಿಸಿ, ಬಹಳಷ್ಟು ಜನ ಸ್ಫೋಟದಿಂದಲ್ಲ, ನಂತರದ ಕಾರ್ಬನ್ ಮಾನಾಕ್ಸೈಡ್‌ನಿಂದ ಸತ್ತದ್ದು ಎಂದು ತೋರಿಸಿದ. ತಾನೇ ಆ ಅನಿಲ ಕುಡಿದು ಏನೇನಾಗುತ್ತದೆ ಅಂತ ಬರೆದಿಟ್ಟುಕೊಂಡ ಮನುಷ್ಯ ಈತ! ಸಣ್ಣ ಪ್ರಾಣಿಗೆ ಉಸಿರಾಟ ಜೋರು, ಹಾಗಾಗಿ ಮನುಷ್ಯನಿಗಿಂತ ಮೊದಲೇ ವಿಷ ತಟ್ಟುತ್ತದೆ ಎಂದು ಅವನು ಹೇಳಿದ ಮೇಲೆ ಗಣಿಗೆ ಕ್ಯಾನರಿ ಹಕ್ಕಿ ಇಳಿಯಿತು. ಬ್ರಿಟನ್ನಿನ ಗಣಿಗಳಲ್ಲಿ ಯಂತ್ರಗಳು ಬಂದು ಹಕ್ಕಿಗೆ ನಿವೃತ್ತಿ ಸಿಕ್ಕಿದ್ದು 1986ರಲ್ಲಿ. ಆಫೀಸಿನಲ್ಲಿ ನಾವು 'ಕ್ಯಾನರಿ ರಿಲೀಸ್' ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇವಲ್ಲ, ಆ ಮಾತಿನ ಹಿಂದೆ ಪಂಜರದಲ್ಲಿ ಉಸಿರು ಬಿಟ್ಟ ಅದೆಷ್ಟೋ ಹಳದಿ ಹಕ್ಕಿಗಳಿವೆ.

ಮನೆಗಳಿಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಂದದ್ದು ತೀರಾ ಇತ್ತೀಚೆಗೆ. ಅದರ ಮಾನದಂಡ, ಯುಎಲ್ 2034, ಬಂದದ್ದು 1992ರಲ್ಲಿ. 1994ರ ಅಕ್ಟೋಬರಿನಿಂದ ಶಿಕಾಗೋ ನಗರ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿತು. ಅದೇ ಡಿಸೆಂಬರಿನಲ್ಲಿ ನಡೆದದ್ದು ಕೇಳಿ. ನೆಲದ ಹತ್ತಿರದ ತಣ್ಣನೆಯ ಗಾಳಿಯ ಮೇಲೆ ಬಿಸಿ ಗಾಳಿಯ ಪದರವೊಂದು ಮುಚ್ಚಳದ ಹಾಗೆ ಕೂತುಬಿಟ್ಟಿತು. ವಾಹನಗಳ, ಚಿಮಣಿಗಳ ಹೊಗೆ ಮೇಲೆ ಹೋಗಲು ದಾರಿಯಿಲ್ಲ. ಊರಿಗೆ ಊರೇ ಅಲಾರಂ! ಒಂದೇ ದಿನದಲ್ಲಿ ಅಗ್ನಿಶಾಮಕ ದಳಕ್ಕೆ ಸಾವಿರಕ್ಕೂ ಹೆಚ್ಚು ಕರೆ. ಹೋಗಿ ನೋಡಿದರೆ ಹೆಚ್ಚಿನ ಮನೆಗಳಲ್ಲಿ ಯಾರಿಗೂ ಏನೂ ಆಗಿಲ್ಲ. ಅಲಾರಂ ಸುಳ್ಳು ಹೇಳಿರಲಿಲ್ಲ, ಗಾಳಿಯಲ್ಲಿ ಅನಿಲ ಇದ್ದದ್ದು ನಿಜ. ಆದರೆ ಎಚ್ಚರಿಸಬೇಕಾದಷ್ಟು ಇರಲಿಲ್ಲ.

ಆಮೇಲೆ ಮಾನದಂಡವನ್ನು ತಿದ್ದಿದರು. ಈಗಿನ ನಿಯಮದಲ್ಲಿ ಹತ್ತು ಲಕ್ಷಕ್ಕೆ 70 ಪಾಲು, ಅಂದರೆ 70 ಪಿಪಿಎಂ ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗಬೇಕು. 150 ಇದ್ದರೆ 10ರಿಂದ 50 ನಿಮಿಷದೊಳಗೆ. 400 ಇದ್ದರೆ 4ರಿಂದ 15 ನಿಮಿಷದೊಳಗೆ. 30 ಪಿಪಿಎಂ ಇದ್ದರೆ ತಿಂಗಳಾದರೂ ಕೂಗಬಾರದು. ಅಂದರೆ ಇದು ಎಷ್ಟಿದೆ ಅನ್ನುವುದನ್ನು ಮಾತ್ರ ನೋಡುವುದಿಲ್ಲ, ಎಷ್ಟು ಹೊತ್ತಿನಿಂದ ಇದೆ ಎಂದೂ ಲೆಕ್ಕ ಇಡುತ್ತದೆ. ನಮ್ಮ ರಕ್ತದಲ್ಲಿ ವಿಷ ಏರುವುದೂ ಹಾಗೇ ತಾನೆ. ಇದರರ್ಥ ಇನ್ನೊಂದಿದೆ. ಅದು ಕೂಗುವ ಹೊತ್ತಿಗೆ ನೀವು ಆಗಲೇ ಸ್ವಲ್ಪ ಕುಡಿದಾಗಿರುತ್ತದೆ.

ಕೂಗಿನ ಲಯವೂ ಹೀಗೇ ನಿಯಮದಿಂದ ಬಂದದ್ದು. ಮೊದಮೊದಲು ಒಂದೊಂದು ಕಂಪನಿಯದ್ದು ಒಂದೊಂದು ಕೂಗು. 1996ರಿಂದ ಬೆಂಕಿಗೆ ಮೂರರ ಗುಂಪು ಎಂದು ನಿಗದಿಯಾಯಿತು. ಬೀಪ್ ಬೀಪ್ ಬೀಪ್, ಬಿಡುವು. ಕಾರ್ಬನ್ ಮಾನಾಕ್ಸೈಡ್‌ಗೆ ನಾಲ್ಕರ ಗುಂಪು. ಎರಡನ್ನೂ ಹಿಡಿಯುವ ಜಂಟಿ ಅಲಾರಂಗಳು ಬಂದ ಮೇಲೆ ಅದೇ ಕೆಂಪು ವೈರಿನ ಮೇಲೆ ಎರಡು ಸುದ್ದಿ ಹೋಗಬೇಕಾಯಿತು. ಹೊಗೆಗೆ ಆ 9 ವೋಲ್ಟು, ಕಾರ್ಬನ್ ಮಾನಾಕ್ಸೈಡ್‌ಗೆ ಬೇರೆ ಬಗೆಯ ಮಿಡಿತ. ಬರೀ ಹೊಗೆಯ ಅಲಾರಂಗಳಿಗೆ ಈ ಎರಡನೆಯ ಭಾಷೆ ಗೊತ್ತಿಲ್ಲ. ಅವು ಸುಮ್ಮನಿರುತ್ತವೆ.

ಈಗ ಗೊತ್ತಾಯಿತಲ್ಲ? ನಮ್ಮ ಮನೆಯ ಮಲಗುವ ಕೋಣೆಗಳಲ್ಲಿದ್ದ ಮೂರೂ ಬರೀ ಹೊಗೆಯವು. ಪ್ಯಾಸೇಜು, ಹಾಲ್, ಬೇಸ್‌ಮೆಂಟಿನವು ಜಂಟಿ. ಮೂರು ಕೂಗಿ ಮೂರು ಸುಮ್ಮನಿದ್ದದ್ದು ವೈರಿಂಗ್ ದೋಷ ಅಲ್ಲ. ಅದೇ ಸುದ್ದಿ. ಅವು ಏನನ್ನು ಹೇಳಬೇಕಿತ್ತೋ ಅದನ್ನೇ ಹೇಳುತ್ತಿದ್ದವು. ನಾನು ಅದನ್ನು ಬಗ್ಗು ಅಂದುಕೊಂಡು ಏಣಿ ಹೊತ್ತಿದ್ದೆ.

ಹಾಲ್‌ನಲ್ಲಿ ಅಮ್ಮ ಶಾಲು ಹೊದ್ದು ಸೋಫಾದ ಮೇಲೆ ಕೂತಿದ್ದರು. ಎರಡು ದಿನದಿಂದ ತಲೆನೋವು ಅಂತಿದ್ದರು. ಪ್ರಯಾಣದ ಆಯಾಸ, ನಿದ್ದೆಗೇಡು, ಇಲ್ಲಿನ ಚಳಿ ಅಂತ ನಾವೂ ಒಂದು ಮಾತ್ರೆ ಕೊಟ್ಟು ಸುಮ್ಮನಾಗಿದ್ದೆವು.

"ಎಂತದೋ ಅದು?" ಅಂದರು.

"ಏನಿಲ್ಲಮ್ಮ, ಹಾಳಾಗಿದೆ. ಬಿಚ್ಚಿಡ್ತೀನಿ, ನೀನು ಹೋಗಿ ಮಲಕ್ಕೋ."

"ಹಾಳಾಗಿದ್ರೆ ಲೆಕ್ಕ ಹಾಕಿ ಕೂಗ್ತದಾ? ಮೊನ್ನೆ ನನ್ನ ಒಗ್ಗರಣೆಗೆ ಮೂರ್‌ಮೂರು ಸಲ ಕೂಗಿತ್ತು. ಇವತ್ತು ನಾಲ್ಕ್‌ನಾಲ್ಕು ಕೂಗ್ತಾ ಉಂಟಲ್ಲ."

ನಲವತ್ತು ವರ್ಷ ಕುಕ್ಕರಿನ ವಿಶಲ್ ಎಣಿಸಿದ ಕಿವಿ. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು. ನಾನು ಆ ಮನೆಯಲ್ಲಿ ವರ್ಷವಿಡೀ ಇದ್ದು ಒಂದು ಸಲವೂ ಎಣಿಸಿರಲಿಲ್ಲ. ಕೈಯಲ್ಲಿದ್ದ ಅಲಾರಮ್ಮನ್ನು ತಿರುಗಿಸಿ ನೋಡಿದೆ. ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲವನ್ನೂ ಬರೆದಿತ್ತು. ನಾಲ್ಕು ಬೀಪ್: ಕಾರ್ಬನ್ ಮಾನಾಕ್ಸೈಡ್, ಕೂಡಲೇ ಹೊರಗೆ ಹೋಗಿ.

ಹೆಂಡತಿಯನ್ನು ಎಬ್ಬಿಸಿ, ಅಮ್ಮನಿಗೆ ನನ್ನ ಜಾಕೆಟ್ ಹಾಕಿಸಿ, ಮೂವರೂ ಹಿಮದಲ್ಲಿ ಹೊರಗೆ ಬಂದು 911ಕ್ಕೆ ಫೋನ್ ಮಾಡಿದೆವು. ಕೆಲವೇ ನಿಮಿಷದಲ್ಲಿ ಅಗ್ನಿಶಾಮಕ ದಳದವರು ಮೀಟರ್ ಹಿಡಿದು ಒಳಗೆ ಹೋದರು. ಬೇಸ್‌ಮೆಂಟಿನಲ್ಲಿ 110 ಪಿಪಿಎಂ, ಹಾಲ್‌ನಲ್ಲಿ 60. ಮನೆ ಬೆಚ್ಚಗಿಡುವ ಫರ್ನೇಸಿನಿಂದ ಹೊಗೆಯನ್ನು ಹೊರಗೆ ಒಯ್ಯುವ ತಗಡಿನ ಕೊಳವೆಯ ಒಂದು ಕೂಡು ಬಿಟ್ಟುಕೊಂಡಿತ್ತು. ಚಳಿ ಹೆಚ್ಚಿದಷ್ಟೂ ಅದು ಹೆಚ್ಚು ಉರಿಯುತ್ತಿತ್ತು, ನಾವು ಕಿಟಕಿಗಳನ್ನು ಇನ್ನೂ ಭದ್ರವಾಗಿ ಹಾಕಿಕೊಳ್ಳುತ್ತಿದ್ದೆವು. ಗ್ಯಾಸ್ ಬಂದ್ ಮಾಡಿದರು. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೆಲವು ಗಂಟೆ ಆಮ್ಲಜನಕ ಕೊಟ್ಟರು. ಬೆಳಿಗ್ಗೆಯ ಹೊತ್ತಿಗೆ ತಲೆನೋವು ಹೋಗಿತ್ತು. "ಇಲ್ಲಿ ಗಾಳಿಗೂ ದುಡ್ಡು ಕೊಡ್ಬೇಕಾ?" ಅಂತ ಕೇಳಿದರು. ನನಗೆ ನಗು ಬರಲಿಲ್ಲ. ಇನ್ನೆರಡು ಅಲಾರಂ ಬಿಚ್ಚಿಟ್ಟು ನಾವು ಮಲಗಿಬಿಟ್ಟಿದ್ದರೆ ಅನ್ನುವ ಯೋಚನೆ ಈಗಲೂ ಒಮ್ಮೊಮ್ಮೆ ನಡುರಾತ್ರಿ ಎಬ್ಬಿಸುತ್ತದೆ.

ಈಗ ನನ್ನದೊಂದು ಸಣ್ಣ ಶಿಸ್ತು. ಕೂಗಿದರೆ ಮೊದಲು ಎಣಿಸು. ನಾಲ್ಕಾದರೆ ಹೊರಗೆ ನಡೆ, ತನಿಖೆ ಮೀಟರು ಇರುವವರದ್ದು. ಮೂರಾದರೆ ಬೆಂಕಿ ಇದೆಯೇ ಅಂತ ನೋಡು. ಬೆಂಕಿ ಇಲ್ಲ ಅನ್ನುವುದು ಖಾತ್ರಿಯಾದ ಮೇಲಷ್ಟೇ ದೀಪ ಮಿನುಗುತ್ತಿರುವ ಆಸಾಮಿ ಯಾರು ಅಂತ ಹುಡುಕು. ಅದರ ಧೂಳು ವ್ಯಾಕ್ಯೂಮಿನಿಂದ ತೆಗೆ, ಹಿಂದೆ ಅಚ್ಚಾದ ತಯಾರಿಕೆಯ ತಾರೀಕು ಓದು. ಹತ್ತು ವರ್ಷ ದಾಟಿದ್ದರೆ ಬದಲಿಸು. ಜಂಟಿಯದ್ದಾದರೆ ಆಯುಸ್ಸು ಇನ್ನೂ ಕಡಿಮೆ ಇರಬಹುದು, ಅದನ್ನೂ ಅಲ್ಲೇ ಬರೆದಿರುತ್ತದೆ. ಯಾರದ್ದೂ ದೀಪ ಮಿನುಗದೆ ಎಲ್ಲವೂ ಪದೇಪದೇ ಕೂಗಿದರೆ ಅರ್ಧದಷ್ಟನ್ನು ಕಳಚಿ ನೋಡು, ಅದರಲ್ಲಿ ಮತ್ತರ್ಧ. ಬೈನರಿ ಸರ್ಚ್ ಕಡೆಗೂ ಒಂದು ಕಡೆ ಉಪಯೋಗಕ್ಕೆ ಬಂತು :-) ಬೇರೆ ಬೇರೆ ಕಂಪನಿಯವನ್ನು ಒಂದೇ ವೈರಿಗೆ ಹಾಕಬೇಡ, ಅವು ಒಂದರ ಮಾತನ್ನು ಇನ್ನೊಂದು ಅರ್ಥ ಮಾಡಿಕೊಳ್ಳುವ ಭರವಸೆಯಿಲ್ಲ. ಇನ್ನು ಬೆಳಗಿನ ಜಾವದ 'ಚಿಂವ್' ದೆವ್ವದ ಕಾಟವಲ್ಲ. ಮನೆ ಅತ್ಯಂತ ತಣ್ಣಗಿರುವ ಹೊತ್ತಿಗೆ ಬ್ಯಾಟರಿಯ ವೋಲ್ಟೇಜು ಇಳಿಯುತ್ತದೆ, ಅಷ್ಟೇ.

ಇದೆಲ್ಲ ಅಮೆರಿಕದ ರಗಳೆ, ನಮಗ್ಯಾಕೆ ಅನ್ನಬೇಡಿ. ನಮ್ಮ ಸಾಗರದ ಮನೆಯ ಬಚ್ಚಲಲ್ಲಿ ಹಂಡೆಯ ಒಲೆಗೆ ದಿನಾ ಸೌದೆ ತುಂಬುತ್ತಿದ್ದೆವು. ಹೆಂಚಿನ ಸಂದಿಯಿಂದ ಹೊಗೆ ತಾನಾಗಿ ಹೋಗುತ್ತಿತ್ತು. ಮನೆಗೇ ಉಸಿರಾಡಲು ಬರುತ್ತಿತ್ತು. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಿರಿದಾದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್, ಮುಚ್ಚಿದ ಕಿಟಕಿ, ಚಿಲಕ ಹಾಕಿದ ಬಾಗಿಲು. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಅಲ್ಲಿ ನಾಲ್ಕು ಸಲ ಕೂಗುವುದಕ್ಕೂ ಏನೂ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥ ಗೀಸರ್ ಇದ್ದರೆ ಇವತ್ತೇ ಅದನ್ನು ಸ್ನಾನದ ಮನೆಯಿಂದ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಅಲಾರಂ ಆಮೇಲೆ ತರಬಹುದು.

ಅಮ್ಮ ಊರಿಗೆ ವಾಪಸಾಗುವ ಮುನ್ನ ಕೊನೆಯ ದಿನ ಚಿತ್ರಾನ್ನ ಮಾಡಿದರು. ಒಗ್ಗರಣೆ ಬಿತ್ತು, ಆರೂ ಅಲಾರಂ ಒಟ್ಟಿಗೆ ಕೂಗಿದವು. ಟವೆಲ್ ತರಲು ಓಡುತ್ತಿದ್ದ ನನ್ನನ್ನು ಅಮ್ಮ ಸೌಟು ಹಿಡಿದ ಕೈಯಿಂದಲೇ ತಡೆದು, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ ಅಂದರು:

"ಮೂರೇ. ಕಿಟಕಿ ತೆಗಿ ಸಾಕು."